ಹಿಂದಿನ ಸೀಟಿನ ಗವರ್ನರ್, ಮುಂದಿನ ಸೀಟಿನ ಭಾವ

ಅನುಮಾನ ಪಡುವುದಕ್ಕೇ ನನಗೆ ಸಂಬಳ. ಮನಾಮಾದ ಒಂದು ಹೋಟೆಲಿನಲ್ಲಿ ನಾನು ಸ್ಟೋರ್‌ಕೀಪರ್. ಟೊಮೆಟೊ ಕ್ರೇಟಿನ ಮೇಲಿನ ಸಾಲು ತೀರಾ ಚೆನ್ನಾಗಿದ್ದರೆ ಕೆಳಗಿನ ಸಾಲಿಗೆ ಕೈ ಹಾಕುತ್ತೇನೆ. ಕಿವಿರು ಎತ್ತಿ ನೋಡದೆ ಒಂದು ಮೀನನ್ನೂ ಒಳಗೆ ಬಿಟ್ಟವನಲ್ಲ. ಹೆಂಡತಿ ಜೋಯ್ಲಿನ್ ಇದನ್ನು ಕಾಯಿಲೆ ಎನ್ನುತ್ತಾಳೆ. ಇರಲಿ. ನಮ್ಮ ಮನೆಯಲ್ಲಿ ಒಬ್ಬನಾದರೂ ಈ ಕಾಯಿಲೆಯವನು ಬೇಕಿತ್ತು, ಯಾಕೆಂದರೆ ನನ್ನ ಭಾವ ಹರ್ಬರ್ಟ್ ಮೆಂಡೋನ್ಸಾರಿಗೆ ಅದರ ಗಂಧಗಾಳಿಯೂ ಇಲ್ಲ.

ಭಾವ ಎಂದರೆ ಅಕ್ಕ ಫಿಲೊಮಿನಾಳ ಗಂಡ. ಬೆಳ್ಮಣ್ಣಿನವರು. ಊರಿನಲ್ಲಿ ಕಾರ್ಕಳ–ಮಂಗಳೂರು ಬಸ್ಸು ಓಡಿಸುತ್ತಿದ್ದರು. ಮದುವೆಯಾದ ಹೊಸತರಲ್ಲೇ ಬಹ್ರೇನಿಗೆ ಬಂದರು. ಮೊದಲು ಸಿತ್ರಾದ ಕಡೆ ಶಿಫ್ಟಿನವರನ್ನು ಕರೆದೊಯ್ಯುವ ಕಂಪನಿ ಬಸ್ಸು, ಆಮೇಲೆ ಅಸ್ಕರಿನ ಲೈನು. ಶಿಫ್ಟ್ ಮುಗಿಸಿ ಬಂದವರು ಬಸ್ಸು ಹತ್ತಿದ ಕೂಡಲೇ ಕಿಟಕಿಗೆ ತಲೆ ಆನಿಸಿ ಮಲಗುತ್ತಾರೆ. ಅವರ ಹಣೆ ಗಾಜಿಗೆ ಬಡಿಯದ ಹಾಗೆ ಬ್ರೇಕ್ ಹಾಕುವುದನ್ನು ಭಾವ ರೂಢಿ ಮಾಡಿಕೊಂಡಿದ್ದರು. ಎಚ್ಚರವಿದ್ದವರು ಮನೆಯ ಜಗಳ, ಮುದೀರನ, ಅಂದರೆ ಮ್ಯಾನೇಜರನ, ಮೇಲಿನ ಸಿಟ್ಟು ಎಲ್ಲವನ್ನೂ ಅವರ ಬೆನ್ನಹಿಂದೆ ಮಾತಾಡಿಕೊಳ್ಳುತ್ತಿದ್ದರು. ಅದರಲ್ಲಿ ಒಂದು ಮಾತೂ ಹೊರಗೆ ಬಂದದ್ದಿಲ್ಲ. ಬಸ್ಸಿನಲ್ಲಿ ಕೇಳಿದ್ದನ್ನು ಬಸ್ಸಿನಲ್ಲೇ ಬಿಟ್ಟು ಇಳಿಯುವ ಮನುಷ್ಯ ಎಂದು ಹೆಸರಾಯಿತು. ಆ ಹೆಸರಿನಿಂದಲೇ ಅವರನ್ನು ಹೆಡ್ ಆಫೀಸಿನ ಕಾರಿಗೆ ಹಾಕಿದರು. ಮತ್ತೆ ಆ ಕಾರಿನ ಹಿಂದಿನ ಸೀಟಿಗೆ ಅಮೆರಿಕದ ಒಬ್ಬ ಮಾಜಿ ಗವರ್ನರ್ ಬಂದು ಕೂತರು.

ಹೆಸರು ಹಾರ್ಲನ್ ವಿಕ್. ಅಮೆರಿಕದ ಮಧ್ಯಭಾಗದ ಒಂದು ರಾಜ್ಯಕ್ಕೆ ಗವರ್ನರ್ ಆಗಿದ್ದವರು, ಆಮೇಲೆ ವಾಷಿಂಗ್ಟನ್ನಿನಲ್ಲಿ ಮಂತ್ರಿ. ಭಾವನ ಕಂಪನಿ ಅವರನ್ನು ಸಲಹೆಗಾರ ಎಂದು ಕರೆಸಿತ್ತು.

ಸುದ್ದಿ ಕೇಳಿದ ಕೂಡಲೇ ನನಗೆ ವಾಸನೆ ಬಡಿಯಿತು. ಗುಫೂಲಿನ ನಮ್ಮ ಕಟ್ಟಡದ ಮೆಟ್ಟಿಲಲ್ಲೂ ಅದೇ ಚರ್ಚೆ. ಮೂರನೇ ಮಹಡಿಯ ಕೊಸ್ಮಸ್ ಕೇಳಿದ, "ನಮ್ಮಲ್ಲಿ ಮಂತ್ರಿ ಆಗಿ, ಹಲ್ಲು ಎಲ್ಲ ಬಿದ್ದ ಮೇಲೆ ಗವರ್ನರ್ ಮಾಡುವುದಲ್ಲವಾ? ಇವ ಮೊದಲು ಗವರ್ನರ್, ಆಮೇಲೆ ಮಂತ್ರಿ ಅಂತೆ. ಉಲ್ಟಾ ಆಯ್ತಲ್ಲ ಮಾರಾಯ?"

ಭಾವನ ಮಗಳು ಮೆಲಿಸ್ಸಾ ನಕ್ಕಳು. ಹನ್ನೆರಡನೇ ಕ್ಲಾಸಿನ ಹುಡುಗಿ, ನಮ್ಮೆಲ್ಲರ ಅಜ್ಞಾನದ ಮೇಲೆ ಅವಳಿಗೆ ಯಾವಾಗಲೂ ಒಂದು ಕಣ್ಣು. ಅಲ್ಲಿಯ ಗವರ್ನರ್ ಎಂದರೆ ಓಟಿನಿಂದ ಗೆದ್ದು ಬರುವ, ನಮ್ಮ ಮುಖ್ಯಮಂತ್ರಿಯಂಥವನು ಎಂದು ವಿವರಿಸಿ, ಮೊಬೈಲಿನಲ್ಲಿ ವಿಕ್ ಅವರ ಪುಟ ತೆಗೆದು ಕೊಟ್ಟಳು. ನಾನು ಕ್ರೇಟ್ ನೋಡುವ ಹಾಗೆ ಅದನ್ನು ನೋಡಿದೆ. ಮೇಲಿನ ಸಾಲು ಚೆನ್ನಾಗಿತ್ತು. ಗೋಧಿ ಬೆಳೆಯುವ ಸಣ್ಣ ಊರಿನಲ್ಲಿ ಹುಟ್ಟು, ತಂದೆ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ, ವಕೀಲಿಕೆ, ಶಾಸನಸಭೆ, ಎರಡು ಅವಧಿಗೆ ಗವರ್ನರ್. ಸೇತುವೆಗಳನ್ನು ಕಟ್ಟಿಸಿದ್ದರಂತೆ, ಒಂದಕ್ಕೆ ಅವರದೇ ಹೆಸರು ಇಟ್ಟಿದ್ದಾರಂತೆ. ಆಮೇಲೆ ಅಧ್ಯಕ್ಷರು ಕರೆದು ಸಾರಿಗೆ ಖಾತೆ ಕೊಟ್ಟರು. ಕೆಳಗಿನ ಸಾಲು ಪುಟದ ಕೊನೆಯಲ್ಲಿತ್ತು. ಒಬ್ಬ ರಸ್ತೆ ಕಂಟ್ರಾಕ್ಟರನ ಕೆರೆದಂಡೆಯ ಬಂಗಲೆಗೆ ತಾನು ಹೋಗಿಯೇ ಇಲ್ಲ ಎಂದು ವಿಕ್ ಹೇಳಿದ್ದರು. ವಿಚಾರಣೆಯಲ್ಲಿ ಅವರ ಡ್ರೈವರ್ ಎದ್ದು ನಿಂತು, ನಾನೇ ಕರೆದುಕೊಂಡು ಹೋಗಿದ್ದೆ ಎಂದ. ಅಲ್ಲಿಗೆ ಮಂತ್ರಿಗಿರಿ ಮುಗಿಯಿತು.

"ನೋಡಿದಿರಾ ಭಾವ? ಡ್ರೈವರಿನಿಂದ ಬಿದ್ದ ಮನುಷ್ಯ. ನಿಮ್ಮನ್ನು ನಂಬುತ್ತಾನಾ?" ಎಂದೆ.

"ನಂಬುವುದು ಎಂತಕ್ಕೆ? ಕೂತರೆ ಸಾಕು," ಎಂದರು ಭಾವ.

ವಿಕ್ ನಂಬಲಿಲ್ಲ. ಎಲ್ಲಿಗೆ ಎಂದು ಮೊದಲೇ ಹೇಳುತ್ತಿರಲಿಲ್ಲ, ಕಾರು ಗೇಟು ದಾಟಿದ ಮೇಲೆ ಹೇಳುತ್ತಿದ್ದರು. ಫೋನ್ ಬಂದರೆ ಕಾರು ನಿಲ್ಲಿಸಿ, ಹೊರಗೆ ಹೋಗಿ ಬಿಸಿಲಿನಲ್ಲಿ ನಿಂತು ಮಾತಾಡುತ್ತಿದ್ದರು. ಒಮ್ಮೆ ಭಾವ ಎ.ಸಿ. ಸರಿ ಮಾಡಲು ಹಿಂದೆ ಕೈ ಚಾಚಿದಾಗ, ಏನು ಇಡುತ್ತಿದ್ದೀಯ ಎಂದು ಕೇಳಿದ್ದರಂತೆ.

ಇತ್ತ ಕಂಪನಿಗೆ ವಿಕ್ ಅವರ ಮೇಲೆ ಅನುಮಾನ. ಆಡಳಿತದ ಮ್ಯಾನೇಜರ್ ಗಿರಿಧರ್ ಮೈಸೂರಿನವರು, ನಗುತ್ತಲೇ ಕತ್ತು ಹಿಸುಕಬಲ್ಲವರು. ಒಂದು ದಿನ ಭಾವನನ್ನು ಕರೆದು ಚಹಾ ಕೊಟ್ಟರಂತೆ. ಅಷ್ಟು ವರ್ಷದಲ್ಲಿ ಮೊದಲ ಸಲ.

"ಹರ್ಬರ್ಟ್ ಅವ್ರೇ, ಸಾಹೇಬ್ರು ಸಂಜೆ ಹೊತ್ತು ಯಾರನ್ನ ಮೀಟ್ ಮಾಡ್ತಾರೆ? ಸುಮ್ನೆ ಕ್ಯಾಶುಯಲ್ ಆಗಿ ಕೇಳ್ದೆ ಅಷ್ಟೇ."

"ನಾನು ರಸ್ತೆ ನೋಡ್ತೇನೆ ಸರ್."

"ಅದು ಸರಿ. ರಸ್ತೆ ಎಲ್ಲಿಗೆ ಹೋಗತ್ತೆ ಅಂತ ಕೇಳ್ತಿದೀನಿ."

"ಅವರು ಹೇಳಿದಲ್ಲಿಗೆ ಸರ್."

ಗಿರಿಧರ್ ನಕ್ಕು ಬಿಟ್ಟರು. ಆ ನಗು ನನಗೆ ಒಂದು ಚೂರೂ ಹಿಡಿಸಲಿಲ್ಲ.

ಇನ್ನು ನಮ್ಮ ತೇರ್ಸಿನ ವಿಷಯ ಹೇಳಬೇಕು. ಸಂಜೆ ಜಪಸರ ಹಿಡಿದು ಮನೆಮಂದಿ ಒಟ್ಟಾಗಿ ಹೇಳುವ ಪ್ರಾರ್ಥನೆಗೆ ನಾವು ಕೊಂಕಣಿ ಕ್ರೈಸ್ತರು ತೇರ್ಸ್ ಎನ್ನುತ್ತೇವೆ. ಒಬ್ಬರು ಅರ್ಧ ಹೇಳಬೇಕು, ಉಳಿದವರು ಉಳಿದರ್ಧ. ಮನೆಮಂದಿ ದೇಶಕ್ಕೊಬ್ಬರು ಚೆದುರಿದ ಮೇಲೆ ನಮ್ಮ ತಾಯಿಯ ತಂಗಿ ಜೆಸಿಂತಾ ಮಾವ್ಶಿ ಅದನ್ನು ಫೋನಿಗೆ ತಂದರು. ಬೆಳ್ಮಣ್ಣಿನಲ್ಲಿ ಶಾಲೆ ಟೀಚರ್ ಆಗಿದ್ದವರು, ಈಗಲೂ ಹಾಜರಿ ಕರೆಯುತ್ತಾರೆ. ಊರಿನ ಎಂಟು ಗಂಟೆ ಎಂದರೆ ಬಹ್ರೇನಿನ ಐದೂವರೆ, ಟೊರಾಂಟೊದಲ್ಲಿರುವ ನನ್ನ ತಮ್ಮ ಸಿಡ್ನಿಗೆ ಬೆಳಗಿನ ತಿಂಡಿಯ ಹೊತ್ತು. ಬಾರದವರನ್ನು ಮಾವ್ಶಿ ಕಾಯಿಲೆಯವರ ಪಟ್ಟಿಗೆ ಸೇರಿಸಿ ಅವರಿಗಾಗಿ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಪರಲೋಕ ಮಂತ್ರ ಒಂದು ಹೇಳಿಸುತ್ತಾರೆ. ಆ ಭಯಕ್ಕೆ ಯಾರೂ ತಪ್ಪಿಸುವುದಿಲ್ಲ. ನಾನೂ ಸ್ಟೋರಿನ ಅಕ್ಕಿ ಮೂಟೆಗಳ ನಡುವೆ ನಿಂತು ಸೇರುತ್ತೇನೆ.

ಐದೂವರೆಗೆ ಭಾವ ವಿಕ್ ಅವರನ್ನು ಆಫೀಸಿನಿಂದ ಅಮ್ವಾಜಿನ ವಿಲ್ಲಾಕ್ಕೆ ಬಿಡುವ ಹೊತ್ತು. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ತುಟಿ ಅಲ್ಲಾಡಿಸಿಯೂ ಅಲ್ಲಾಡಿಸದ ಹಾಗೆ, ತಮ್ಮ ಪಾಲಿನ ಅರ್ಧವನ್ನು ಹೇಳಿಕೊಂಡು ಓಡಿಸುತ್ತಿದ್ದರು.

ನವೆಂಬರಿನ ಒಂದು ಸಂಜೆ, ತೇರ್ಸ್ ಸುರುವಾಗುವ ಮೊದಲು, ಮೆಲಿಸ್ಸಾ ಅಪ್ಪನಿಗೆ ಫೋನ್ ಮಾಡಿದಳು. ಭಾವ ಕಟ್ ಮಾಡಿದರು. ಹಿಂದಿನಿಂದ ವಿಕ್ ಕೇಳಿದರು, ಯಾರು? ಮಗಳು ಸರ್, ಆಮೇಲೆ ಮಾತಾಡ್ತೇನೆ. ವಿಕ್ ಹೇಳಿದರಂತೆ, "ತೆಗೆದುಕೋ. ನನಗೂ ಒಬ್ಬ ಮಗನಿದ್ದಾನೆ, ಡ್ಯಾನಿಯಲ್. ಆ ಡ್ರೈವರ್ ಹೇಳಿದ್ದೇ ಸತ್ಯ ಎಂದು ನನ್ನ ಮುಖಕ್ಕೇ ಹೇಳಿದ. ಅಂದಿನಿಂದ ನಮ್ಮ ನಡುವೆ ಮಾತಿಲ್ಲ." ಅವರು ಆ ಕಾರಿನಲ್ಲಿ ತಮ್ಮದೆಂದು ಆಡಿದ ಮಾತು ಅದೊಂದೇ. ಮೊಬೈಲಿನ ಪುಟದಲ್ಲಿ ಡ್ಯಾನಿಯಲ್ ಎಂಬ ಹೆಸರೇ ಇರಲಿಲ್ಲ.

ಭಾವನಿಗೆ ತಡೆಯಲಿಲ್ಲ. ಅಂದಿನ ತೇರ್ಸಿನ ಕೊನೆಗೆ, ವಿಕ್ ಇಳಿದು ಹೋದ ಮೇಲೆ, ಮಾವ್ಶಿಗೆ ಹೇಳಿದರು. ಮಾವ್ಶಿ ಅದನ್ನು ಕೂಡಲೇ ದಾಖಲು ಮಾಡಿಕೊಂಡರು. ಮರುದಿನದಿಂದ ಸಿಡ್ನಿಯ ಬೆನ್ನುನೋವು, ನಮ್ಮ ಜಾಗದ ಕೋರ್ಟು ಕೇಸು, ಅದರ ಹಿಂದೆಯೇ "ಹಾರ್ಲನ್ ವಿಕ್ ಮತ್ತು ಅವರ ಮಗ ಡ್ಯಾನಿಯಲ್, ಮಗ ಅಪ್ಪನಿಗೆ ಫೋನ್ ಮಾಡುವ ಹಾಗೆ". ಎಲ್ಲರೂ ಆ ಹೆಸರುಗಳನ್ನು ಮತ್ತೆ ಹೇಳಬೇಕು. ಭಾವನೂ ಹೇಳುತ್ತಿದ್ದರು, ಮಗನ ಹೆಸರು ಬಂದಾಗ ಮಾತ್ರ ದನಿ ನುಂಗಿ.

ಈಗ ಹಿಂದಿನ ಸೀಟಿನಿಂದ ನೋಡಿ. ಡ್ರೈವರಿನಿಂದ ಬಿದ್ದ ಮನುಷ್ಯ. ಮುಂದೆ ಇನ್ನೊಬ್ಬ ಡ್ರೈವರ್. ಪ್ರತಿ ಸಂಜೆ ಅದೇ ಹೊತ್ತಿಗೆ ಕಿವಿಯಲ್ಲಿ ಯಾರೋ ಏನೋ ಕೇಳುತ್ತಾರೆ, ಇವನು ತಗ್ಗಿದ ದನಿಯಲ್ಲಿ ಉತ್ತರ ಕೊಡುತ್ತಾನೆ, ಮತ್ತೆ ಕೇಳುತ್ತಾರೆ, ಮತ್ತೆ ಉತ್ತರ. ಕೊನೆಯಲ್ಲಿ ತನ್ನದೇ ಹೆಸರು. ಯಾರ ಜೊತೆ ಮಾತು ಎಂದು ವಿಕ್ ಕೇಳಿದರೆ, ಮನೆಯವರು ಸರ್ ಎನ್ನುತ್ತಾನೆ. ಮನೆಯವರ ಜೊತೆ ಮಾತಾಡುವವನು ಒಮ್ಮೆಯಾದರೂ ನಗಬೇಕಿತ್ತು, ಇಲ್ಲ ಜಗಳ ಆಡಬೇಕಿತ್ತು. ಹಿಂದೆ ನಾನು ಕೂತಿದ್ದರೂ ಪೊಲೀಸರನ್ನು ಕರೆಯುತ್ತಿದ್ದೆ.

ಜನವರಿಯಲ್ಲಿ ವಿಕ್ ದೂರು ಕೊಟ್ಟರು. ಗಿರಿಧರ್ ಈ ಸಲ ಚಹಾ ಕೊಡಲಿಲ್ಲ.

"ಯಾರಿಗೆ ರಿಪೋರ್ಟ್ ಮಾಡ್ತಿದೀರಾ ಹರ್ಬರ್ಟ್ ಅವ್ರೇ? ನನಗಂತೂ ಮಾಡಿಲ್ಲ. ನಾನು ಕೇಳ್ದಾಗ ರಸ್ತೆ ನೋಡ್ತೀನಿ ಅಂದ್ರಿ. ಹಂಗಾದ್ರೆ ಬೇರೆ ಪಾರ್ಟಿ ಯಾರು?"

"ಪ್ರಾರ್ಥನೆ ಸರ್ ಅದು. ತೇರ್ಸ್."

"ಪ್ರಾರ್ಥನೇಲಿ ಅವರ ಹೆಸರು ಯಾಕೆ ಬರತ್ತೆ? ನನ್ನ ಹೆಸರು ಬರತ್ತಾ?"

"ಇಲ್ಲ ಸರ್."

ಆ "ಇಲ್ಲ" ಗಿರಿಧರರನ್ನು ಇನ್ನಷ್ಟು ಕೆರಳಿಸಿತು. ವಾರದೊಳಗೆ ನಂಬುವಂಥ ಉತ್ತರ ಕೊಡಬೇಕು, ಇಲ್ಲದಿದ್ದರೆ ವೀಸಾ ಕ್ಯಾನ್ಸಲ್ ಎಂದರು. ವೀಸಾ ಹೋದರೆ ಕಂಪನಿಯ ಫ್ಲ್ಯಾಟು ಹೋಯಿತು, ಹೆಂಡತಿ ಮಗಳ ವೀಸಾವೂ ಅದರ ಬಾಲಕ್ಕೇ ಕಟ್ಟಿದ್ದು. ಮೆಲಿಸ್ಸಾಳ ಬೋರ್ಡ್ ಪರೀಕ್ಷೆ ಫೆಬ್ರವರಿಯಲ್ಲಿ, ಇಲ್ಲಿಯ ಶಾಲೆಯಲ್ಲೇ. ಊರಿಗೆ ಹೋದರೆ ಒಂದು ವರ್ಷ ಮಣ್ಣುಪಾಲು. ಅಕ್ಕ ಅಡಿಗೆಮನೆಯಲ್ಲಿ ಸುಮ್ಮನೆ ಅಳುತ್ತಿದ್ದಳು. ಮೆಲಿಸ್ಸಾ ಪುಸ್ತಕ ತೆರೆದಿಟ್ಟು ಹಾಳೆ ತಿರುವದೆ ಕೂತಿದ್ದಳು. ನನಗೆ ಮೈ ಉರಿಯಿತು.

"ಮಗನ ವಿಷಯ ಗಿರಿಧರರಿಗೆ ಹೇಳಿ ಬಿಡಿ ಭಾವ. ಹೆಸರು ಯಾಕೆ ಬರುತ್ತದೆ ಅಂತ ಅವರಿಗೆ ಅರ್ಥ ಆಗ್ತದೆ. ಆ ಮುದುಕನ ಗುಟ್ಟು ಖಲ್ಲಿವಲ್ಲಿ, ಹಾಳಾಗಿ ಹೋಗಲಿ."

"ಅದು ಅವರ ಮನೆಯ ವಿಷಯ ಓಲಿವರ್. ಕಾರಿನಲ್ಲಿ ಹೇಳಿದ್ದು. ನಾನು ಹೊರಗೆ ಹೇಳುವುದಿಲ್ಲ."

"ಮಾವ್ಶಿಗೆ ಹೇಳಿದಿರಲ್ಲ?"

"ಅದು ದೇವರಿಗೆ ಹೇಳಿದ್ದು."

"ದೇವರ ಜೊತೆ ಲೈನಿನಲ್ಲಿ ನಾವೆಲ್ಲ ಇದ್ದೆವಲ್ಲ ಭಾವ. ಟೊರಾಂಟೊದ ಸಿಡ್ನಿಗೆ ಗೊತ್ತುಂಟು. ಅವನ ಹೆಂಡತಿಗೆ ಗೊತ್ತುಂಟು. ಮಾವ್ಶಿಯ ಮನೆಗೆ ತೇರ್ಸಿಗೆ ಬರುವ ನೆರೆಮನೆಯವರಿಗೂ ಗೊತ್ತುಂಟು."

ಭಾವನ ಮುಖದ ಬಣ್ಣ ಇಳಿಯಿತು. ದೇವರಾಣೆಗೂ ಅವರಿಗೆ ಆ ಕ್ಷಣದವರೆಗೆ ಅದು ಹೊಳೆದಿರಲಿಲ್ಲ. ಪ್ರಾರ್ಥನೆಗೆ ಕೊಟ್ಟ ಮಾತು ನೇರ ಮೇಲಕ್ಕೆ ಹೋಗುತ್ತದೆ, ಅಕ್ಕಪಕ್ಕದಲ್ಲಿ ಯಾರಿಗೂ ತಾಗುವುದಿಲ್ಲ ಎಂದು ನಂಬಿದ್ದರು. ನಮ್ಮ ಜನರಲ್ಲಿ ಎಲ್ಲರೂ ಹಾಗೆಯೇ ನಂಬುವುದು.

ಕೊನೆಗೆ ಹೇಳಿದರು, "ಹಾಗಾದರೆ ಮೊದಲು ಸಾಹೇಬರಿಗೇ ಗೊತ್ತಾಗಬೇಕು."

ಮರುದಿನ ಐದೂವರೆಗೆ ಮಾವ್ಶಿ ಹಾಜರಿ ಕರೆದರು. ಹರ್ಬರ್ಟ್ ಎಂದಾಗ ಭಾವನ ದನಿ ಯಾವತ್ತಿಗಿಂತ ದೊಡ್ಡದಾಗಿ ಬಂತು.

"ಇದ್ದೇನೆ ಮಾವ್ಶಿ. ಇವತ್ತು ಕಾರಿನ ಸ್ಪೀಕರಿನಲ್ಲಿ ಹಾಕಿದ್ದೇನೆ. ಹಿಂದೆ ಸಾಹೇಬರು ಇದ್ದಾರೆ. ಯಾವಾಗಲೂ ಹೇಳುವ ಹಾಗೆಯೇ ಹೇಳಿ. ಎಂತದ್ದೂ ಬಿಡಬೇಡಿ."

ನಾನು ಅಕ್ಕಿ ಮೂಟೆಯ ಮೇಲೆ ಕೂತೇ ಬಿಟ್ಟೆ. ಭಾವ ಇಂಗ್ಲಿಷಿನಲ್ಲಿ ವಿಕ್ ಅವರಿಗೆ ಹೇಳುವುದು ಕೇಳಿಸಿತು, ಸರ್, ನಾನು ದಿನಾ ಸಂಜೆ ಮಾತಾಡುವುದು ಇವರ ಜೊತೆ, ನೀವೇ ಕೇಳಿ. ಮಾವ್ಶಿ ಸುರು ಮಾಡಿದರು. ಅವರ ಮನೆಯ ಕುಕ್ಕರ್ ಕೂಗಿತು, ಸಿಡ್ನಿ ಕೆಮ್ಮಿದ. ಐದು ಸುತ್ತು ಜಪ ಮುಗಿಯುವವರೆಗೂ ಹಿಂದಿನ ಸೀಟಿನಿಂದ ಒಂದು ಸದ್ದಿಲ್ಲ. ಗೆದ್ದೆವು ಎಂದುಕೊಂಡೆ. ಅನುಮಾನದವನಿಗೂ ಇದು ಪ್ರಾರ್ಥನೆ ಎಂದು ತಿಳಿಯದೆ ಇರಲು ಸಾಧ್ಯವಿರಲಿಲ್ಲ.

ಆಮೇಲೆ ಬೇಡಿಕೆಗಳು. ಬೆನ್ನುನೋವು. ಕೋರ್ಟು ಕೇಸು. ಮೆಲಿಸ್ಸಾಳ ಪರೀಕ್ಷೆ. "ಹಾರ್ಲನ್ ವಿಕ್," ಎಂದರು ಮಾವ್ಶಿ, ಟೀಚರಿನ ಗಟ್ಟಿ ದನಿಯಲ್ಲಿ, "ಮತ್ತು ಅವರ ಮಗ ಡ್ಯಾನಿಯಲ್." ನಾವೆಲ್ಲ ಹೆಸರುಗಳನ್ನು ಮತ್ತೆ ಹೇಳಿದೆವು. ಹೇಳದೆ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ.

"ಕಾರು ನಿಲ್ಲಿಸು," ಎಂದರು ವಿಕ್. ನಾನು ಆ ದನಿ ಕೇಳಿದ್ದು ಅದೇ ಮೊದಲು. ಒಣಗಿದ ದನಿ. "ಈ ಲೈನಿನಲ್ಲಿ ಇರುವವರೆಲ್ಲ ಯಾರು?"

"ನನ್ನ ಮನೆಯವರು ಸರ್."

"ಎಲ್ಲರಿಗೂ ಗೊತ್ತೇ?"

"ಗೊತ್ತು ಸರ್. ನೀವು ಹೇಳಿದ ದಿನವೇ ನಾನು ಹೇಳಿದೆ. ತಪ್ಪಾಯ್ತು."

"ಅಂದರೆ ನೀನೂ ಹೇಳಿದೆ," ಎಂದರು ವಿಕ್.

ಭಾವನನ್ನು ಉಳಿಸಲು ಬಂದ ಪ್ರಾರ್ಥನೆಯೇ ಅವರ ಮೇಲೆ ಸಾಕ್ಷಿ ಹೇಳಿತ್ತು.

ಮಾವ್ಶಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. "ಅದು ಯಾರು ಮಾತಾಡುವುದು?" ಎಂದರು. ವಿಕ್ ಸಾಹೇಬರು ಮಾವ್ಶಿ, ಎಂದಳು ಅಕ್ಕ. "ಒಳ್ಳೆಯದಾಯ್ತು. ಹರ್ಬರ್ಟ್, ಕೇಳು ಅವರಲ್ಲಿ, ಹುಡುಗ ಫೋನ್ ಮಾಡಿದನಾ ಇಲ್ಲವಾ? ಇಷ್ಟು ಸಮಯದಿಂದ ಬೇಡ್ತಾ ಇದ್ದೇವೆ, ನಮಗೂ ಗೊತ್ತಾಗಬೇಡವಾ?"

ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ನುಂಗಿಬಿಡುತ್ತಿದ್ದರು. ಭಾವ ಅದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ಕೇಳಿದರು.

ವಿಕ್ ಹೇಳಿದರು, "ಅವನು ಮಾಡುತ್ತಾನೆ. ತಿಂಗಳಿಗೊಮ್ಮೆ ಮಾಡುತ್ತಾನೆ. ನಾನು ತೆಗೆಯುವುದಿಲ್ಲ. ಅವನ ಪಕ್ಕದಲ್ಲಿ ಯಾರು ಕೂತು ಕೇಳುತ್ತಿದ್ದಾರೋ ನನಗೇನು ಗೊತ್ತು."

ಭಾವ ಅದನ್ನೂ ಕೊಂಕಣಿಗೆ ತಿರುಗಿಸಿದರು. ಅಷ್ಟು ದೊಡ್ಡ ಮನುಷ್ಯ, ಸೇತುವೆಗೆ ಹೆಸರಿರುವವನು, ಹೆತ್ತ ಮಗನ ಫೋನನ್ನು ಕಿವಿರು ಎತ್ತಿ ನೋಡುತ್ತಿದ್ದ.

"ಹಾಗಾದರೆ ನಾವು ಬೇಡಿದ್ದು ತಪ್ಪು ಮನುಷ್ಯನಿಗೆ," ಎಂದರು ಮಾವ್ಶಿ. "ಎಲ್ಲರೂ ಇನ್ನೊಂದು ಪರಲೋಕ ಮಂತ್ರ ಹೇಳಿ. ಇದು ಅಪ್ಪನಿಗೆ." ಹೇಳಿಯೇ ಬಿಟ್ಟರು. ನಾವು ಉತ್ತರಾರ್ಧ ಹೇಳಿದೆವು. ಭಾವನೂ ಹೇಳಿದರು. ಮುಗಿಯುವ ಮೊದಲೇ ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ಉಳಿದ ದಾರಿಯನ್ನು ವಿಕ್ ನಡೆದುಕೊಂಡು ಹೋದರಂತೆ.

ಎರಡು ದಿನ ಬಿಟ್ಟು ಗಿರಿಧರ್ ಕರೆದರು. "ಕಂಪ್ಲೇಂಟ್ ವಾಪಸ್ ತಗೊಂಡಿದಾರೆ. ನಿಮ್ಮಲ್ಲಿ ಏನೂ ಮೋಸ ಇಲ್ಲ ಅಂದ್ರು. ಆದ್ರೆ ಬೇರೆ ಡ್ರೈವರ್ ಬೇಕಂತೆ. ಏನ್ರೀ ಇದರ ಅರ್ಥ?"

"ನನಗೆ ಗೊತ್ತಿಲ್ಲ ಸರ್," ಎಂದರು ಭಾವ.

ವಿಕ್ ಅವರ ಕಾರಿಗೆ ರಿಯಾಝ್ ಎಂಬವನು ಡ್ರೈವರ್ ಆಗಿ ಬಂದ. ಭಾವ ಮತ್ತೆ ಸಿತ್ರಾದ ಶಿಫ್ಟ್ ಬಸ್ಸಿಗೆ. ವೀಸಾ ಉಳಿಯಿತು, ಫ್ಲ್ಯಾಟು ಉಳಿಯಿತು, ಮೆಲಿಸ್ಸಾ ಪರೀಕ್ಷೆ ಬರೆದಳು. ನಾನು ವಿಕ್ ಅವರಿಗೆ ಬೈದಾಗ ಭಾವ ನನ್ನನ್ನು ತಡೆದರು. "ಅವರ ಅನುಮಾನ ಸುಳ್ಳಲ್ಲ ಓಲಿವರ್. ನಾನು ಹೊರಗೆ ಹಾಕಿದ್ದು ಹೌದಲ್ಲ." ಇಷ್ಟು ವರ್ಷದಲ್ಲಿ ಅವರು ತಲೆ ತಗ್ಗಿಸಿದ್ದನ್ನು ನಾನು ಅಂದೇ ಕಂಡದ್ದು.

ಮೇ ತಿಂಗಳಿನಲ್ಲಿ ವಿಕ್ ಅವರ ಅವಧಿ ಮುಗಿಯಿತು. ವಿಮಾನ ನಿಲ್ದಾಣಕ್ಕೆ ಬಿಡಲು ಹರ್ಬರ್ಟ್ ಬರಲಿ ಎಂದು ಕೇಳಿ ಕರೆಸಿಕೊಂಡರು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಮಧ್ಯಾಹ್ನ ತಿರುಗಿ ಬಂದು ಸುಮ್ಮನೆ ಊಟಕ್ಕೆ ಕೂತರು. ನಾನು ಬಿಡುತ್ತೇನೆಯೇ?

"ಏನಾದರೂ ಹೇಳಿದರಾ?"

"ದಾರಿಯಲ್ಲಿ ಅವರ ಫೋನ್ ರಿಂಗ್ ಆಯ್ತು," ಎಂದರು ಭಾವ, ಮೀನಿನ ಮುಳ್ಳು ಬಿಡಿಸುತ್ತಾ.

"ಯಾರದ್ದು? ಮಗನದ್ದಾ? ತೆಗೆದರಾ?"

"ನಾನು ರಸ್ತೆ ನೋಡ್ತಾ ಇದ್ದೆ."

ಎಷ್ಟು ಕೆದಕಿದರೂ ಅದಕ್ಕಿಂತ ಹೆಚ್ಚು ಒಂದು ಅಕ್ಷರ ಬರಲಿಲ್ಲ. ಅಕ್ಕ ಕೇಳಿದಳು, ಮೆಲಿಸ್ಸಾ ಕೇಳಿದಳು. ಅನ್ನ ಕಲಸಿಕೊಂಡು ಉಂಡರು, ಕೈ ತೊಳೆದರು.

ಅಂದು ಸಂಜೆ ತೇರ್ಸಿನಲ್ಲಿ ಬೆನ್ನುನೋವು, ಕೋರ್ಟು ಕೇಸು ದಾಟಿ ಮಾವ್ಶಿ "ಹಾರ್ಲನ್ ವಿಕ್" ಎನ್ನುವಷ್ಟರಲ್ಲಿ ಭಾವ ನಡುವೆ ಬಾಯಿ ಹಾಕಿದರು. ನಮ್ಮ ತೇರ್ಸಿನಲ್ಲಿ ಹಾಗೆ ಯಾರೂ ಮಾಡುವುದಿಲ್ಲ.

"ಆ ಹೆಸರು ಇನ್ನು ಬೇಡ ಮಾವ್ಶಿ. ಅದರ ಬದಲು ದೇವರಿಗೆ ಥ್ಯಾಂಕ್ಸ್ ಹೇಳುವ ಪ್ರಾರ್ಥನೆ ಒಂದು ಹೇಳಿಸಿ."

"ಯಾರಿಗಾಗಿ?" ಎಂದರು ಮಾವ್ಶಿ.

"ಕೇಳಬೇಡಿ," ಎಂದರು ಭಾವ.

ಟೀಚರ್ ಸುರು ಮಾಡಿದರು. ಏನಿದೆ ಎಂದು ತೆರೆದು ನೋಡದೆ ನಾನು ಜನ್ಮದಲ್ಲಿ ಒಂದು ಕ್ರೇಟಿಗೂ ಸಹಿ ಹಾಕಿದವನಲ್ಲ. ಅಂದು ಅಕ್ಕಿ ಮೂಟೆಗಳ ನಡುವೆ ನಿಂತು, ಏನನ್ನೂ ಕೇಳದೆ, ನನ್ನ ಪಾಲಿನ ಅರ್ಧವನ್ನು ಗಟ್ಟಿಯಾಗಿ ಹೇಳಿದೆ.